ಸೀರೆ ಮಡಚಿದ ರಾಜಕುಮಾರ

ಕತ್ತಿ ಹಿಡಿಯಬೇಕಾದ ರಾಜಕುಮಾರ ಸೀರೆ ಮಡಚುತ್ತ ನಿಂತರೆ ಬಯಲಾಟದ ಮೇಷ್ಟ್ರಾದವನು ಏನು ಮಾಡಬೇಕು, ನೀವೇ ಹೇಳಿ. ನಾನಂತೂ ಆ ವರ್ಷ ಮೊಳಕಾಲ್ಮೂರಿನಲ್ಲಿ ತಲೆ ತಲೆ ಚಚ್ಚಿಕೊಂಡೆ. ಒಂದು ದಿನವಾದರೆ ನಕ್ಕು ಸುಮ್ಮನಾಗಬಹುದು. ತಾಲೀಮು ಶುರುವಾದಾಗಿನಿಂದ ದಿನಾ ಅದೇ ಗೋಳು.

ನನ್ನೂರು ಚಳ್ಳಕೆರೆ. ಕಣದ ಕೆಲಸ ಮುಗಿದು ಜನಕ್ಕೆ ಬಿಡುವು ಸಿಕ್ಕ ಮೇಲೆ, ಯಾವ ಊರಿನಿಂದ ಗಾಡಿ ಬರುತ್ತದೋ ಆ ಊರಿಗೆ ಹೋಗಿ ಆಟ ಕಲಿಸುವುದು ನನ್ನ ಕಸುಬು. ಹಾಡು, ಮಾತು, ಕುಣಿತ ಮೂರನ್ನೂ ನಾನೇ ಬಾಯಿಪಾಠ ಮಾಡಿಸಬೇಕು. ಹಗಲೆಲ್ಲ ದುಡಿದು ಬಂದವರು ಸಂಜೆ ಹೊತ್ತು ಆಕಳಿಸುತ್ತ ನಿಲ್ಲುತ್ತಾರೆ. ಅವರ ಬಾಯಲ್ಲಿ ರಾಜ್ಯ, ಸಿಂಹಾಸನ, ಯುದ್ಧ ಎಲ್ಲ ಹೊರಡಿಸಬೇಕು. ಬೈದರೆ ಬಿಟ್ಟು ಹೋಗುತ್ತಾರೆ, ಬೈಯದಿದ್ದರೆ ಕಲಿಯುವುದಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಆ ಕಡೆಯ ಊರುಗಳಲ್ಲೆಲ್ಲ ಹೆಸರಿತ್ತು. ಸುಳ್ಳಲ್ಲ.

ಆ ವರ್ಷ ಗಾಡಿ ಬಂದದ್ದು ಮೊಳಕಾಲ್ಮೂರಿನ ನೇಕಾರರ ಕೇರಿಯಿಂದ. ಗಾಡಿಯ ಜೊತೆಗೇ ಬಂದಿದ್ದವರು ಆ ಕೇರಿಯ ಸಾರಥಿ. ನಮ್ಮ ಬಯಲಾಟ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಸಾರಥಿ ಅಂದರೆ ಇಲ್ಲಿ ರಥ ಹೊಡೆಯುವವನಲ್ಲ. ಹಲಗೆ ಹಾಸಿ ಕಟ್ಟಿದ ಅಟ್ಟದ ಮೇಲೆ ಯಾವ ಪಾತ್ರ ಬಂದರೂ ಅದನ್ನು ತಡೆದು, "ಭಳಿರೇ! ತಾವು ಧಾರು? ತಮ್ಮ ನಾಮಾಂಕಿತವೇನು? ಈ ಸಭೆಗೆ ಬಂದ ಕಾರಣವೇನು?" ಎಂದು ಕೇಳುವವನು; ಅಟ್ಟದ ಮೇಲಿನ ಮಾತಿನಲ್ಲಿ ಯಾರು ಎಂಬುದು ಧಾರು ಆಗುತ್ತದೆ. ರಾಜನಿರಲಿ ರಾಕ್ಷಸನಿರಲಿ, ಅವನಿಗೆ ಉತ್ತರ ಕೊಡದೆ ಕಥೆ ಮುಂದೆ ಹೋಗುವಂತಿಲ್ಲ. ಈ ಸಾರಥಿ ತಲೆ ನರೆಯುವವರೆಗೂ ಆ ಒಂದೇ ಪಾತ್ರ ಮಾಡಿದವರು. ಕೇರಿಯಲ್ಲಿ ಹಗಲು ಹೊತ್ತೂ ಅವರ ಮಾತೇ ಮಾತು.

ಗಾಡಿ ಹತ್ತಿದ ಕೂಡಲೇ ಶುರು ಮಾಡಿದರು. "ಮೇಷ್ಟ್ರೇ, ಈ ಸಲ ಹಳೇ ಕಥೆ ಬ್ಯಾಡ್ರಿ. ನೀವೇ ಒಂದು ಹೊಸದು ಕಟ್ರಿ. ಅದ್ರಾಗೆ ನನ್ನ ಅಳಿಯ ಹೆಣ್ಣಾಗಿ ಬಂದು ಗಂಡಾಗಿ ಹೋಗ್ಬೇಕು. ಊರೆಲ್ಲ ಕಣ್ಣಾರೆ ನೋಡ್ಬೇಕು."

"ಅದ್ಯಾಕೆ ಹಂಗೆ?" ಅಂದೆ.

"ಯಾಕೆ ಅಂದ್ರೆ ನಾನು ಅವ್ನಿಗೆ ನನ್ನ ಮಗಳನ್ನ ಕೊಡ್ಬೇಕಲ್ಲ!"

ದಾರಿಯುದ್ದಕ್ಕೂ ಹೇಳಿದ್ದು ಇಷ್ಟು. ಅವರ ಅಕ್ಕನ ಮಗ ಹತ್ತು ಊರಿಗೆ ಹೆಸರಾದ ಹೆಣ್ಣುವೇಷದವನು. ದನಿ ಇಂಪಾಗಿದ್ದುದರಿಂದ ಎಲ್ಲರೂ ಅವನನ್ನು ಗಿಣಿ ಅನ್ನುತ್ತಿದ್ದರು. ತಂದೆ ತೀರಿಹೋಗಿದ್ದ. ಮಗ್ಗ, ಮನೆ, ಮದುವೆ ಎಲ್ಲಕ್ಕೂ ಸೋದರಮಾವನೇ ದಿಕ್ಕು. ತಮ್ಮ ಮಗಳನ್ನು ಅವನಿಗೇ ಕೊಡುವುದೆಂದು ಮೊದಲೇ ಮಾತಾಗಿತ್ತು. ಈಗ ಅವನಿಗೆ ಇಪ್ಪತ್ತು ದಾಟಿ, ಮೀಸೆ ದಿನಾ ಬೋಳಿಸಿದರೂ ತುಟಿಯ ಮೇಲೆ ಹಸಿರಾಗಿ ಕಾಣುವಷ್ಟು ವಯಸ್ಸಾಗಿತ್ತು. ಆದರೂ ಸೀರೆಯ ಹುಚ್ಚು ಬಿಟ್ಟಿರಲಿಲ್ಲ.

"ರಾಂಪುರದ ಸಾಹುಕಾರನೊಬ್ಬ ಅವ್ನಿಗೆ ಮಲ್ಲಿಗೆ ಹೂವು ಕಳಿಸ್ತಾನೆ ಮೇಷ್ಟ್ರೇ! ಗಂಡಸಿಗೆ ಗಂಡಸು ಹೂವು ಕಳ್ಸೋದಾ? ಬಾವಿ ಕಟ್ಟೆ ಮ್ಯಾಲೆ ಹೆಂಗಸ್ರು ನನ್ನ ಮಗಳನ್ನ ಕೇಳ್ತಾರೆ, ನಿಮ್ಮಿಬ್ರಾಗೆ ತಾಳಿ ಕಟ್ಟೋರು ಯಾರು, ಕಟ್ಟಿಸ್ಕಳೋರು ಯಾರು ಅಂತ. ನಾನು ಎಷ್ಟು ಅಂತ ತಡ್ಕಳ್ಲಿ? ಅದಕ್ಕೇ ಹೇಳೀನಿ. ಸೀರೇನ ಊರ ಮುಂದೆ ಬಿಚ್ಚಿ ಬಿಸಾಕು, ಕತ್ತಿ ಹಿಡಿ, ಬೆಳಗಾದ ಮ್ಯಾಲೆ ನನ್ನ ಮಗಳು ನಿನ್ನವಳು. ಇಲ್ಲಾಂದ್ರೆ ಬ್ಯಾರೆ ಕಡೆ ಗಂಡು ನೋಡ್ತೀನಿ."

ನಿಜ ಹೇಳುತ್ತೇನೆ, ಆಗ ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಇದ್ದದ್ದು ಒಂದೇ ಸಂತೋಷ, ನನ್ನ ಸ್ವಂತ ಕಥೆ ಅಟ್ಟ ಹತ್ತುತ್ತದಲ್ಲ ಎಂದು. ಗಾಡಿ ಊರು ಮುಟ್ಟುವ ಹೊತ್ತಿಗೆ ಅರ್ಧ ಕಥೆ ತಲೆಯಲ್ಲಿತ್ತು. ರಾಜ ಯುದ್ಧದಲ್ಲಿ ಸಾಯುತ್ತಾನೆ. ಗೆದ್ದ ವೈರಿ, ಆ ವಂಶದಲ್ಲಿ ಗಂಡುಮಗು ಉಳಿಯಕೂಡದು ಅನ್ನುತ್ತಾನೆ. ರಾಣಿ ತನ್ನ ಕೂಸಿಗೆ ಲಂಗ ತೊಡಿಸಿ ಹೆಣ್ಣೆಂದು ಸಾರಿ ಅಂತಃಪುರದಲ್ಲಿ ಬೆಳೆಸುತ್ತಾಳೆ. ಮಗು ಬೆಳೆದು ಪ್ರಾಯಕ್ಕೆ ಬಂದಾಗ ಅದೇ ವೈರಿ ಆ 'ರಾಜಕುಮಾರಿ'ಯ ರೂಪ ಕೇಳಿ, ನನಗೇ ಮದುವೆ ಮಾಡಿಕೊಡಿ ಎಂದು ದಿಬ್ಬಣ ತರುತ್ತಾನೆ. ಆಗ ರಾಣಿ ಸತ್ಯ ಹೇಳಿ ತಂದೆಯ ಕತ್ತಿ ಕೊಡುತ್ತಾಳೆ. ಕುಮಾರ ಸೀರೆ ಬಿಚ್ಚಿ ಎಸೆದು, ಗಂಡುವೇಷದಲ್ಲಿ ಅಟ್ಟ ನಡುಗುವಂತೆ ಕುಣಿದು ಬರುತ್ತಾನೆ. ಸಾರಥಿ ತಡೆದು ಕೇಳುತ್ತಾನೆ, ತಾವು ಧಾರು? ಸೂರ್ಯ ಹುಟ್ಟುವುದಕ್ಕೂ ಆ ಪ್ರಶ್ನೆಗೂ ಸರಿಹೋಗಬೇಕು. ಎಂಥಾ ಕಥೆ ಕಟ್ಟಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಗಿಣಿಯನ್ನು ಮೊದಲ ಸಲ ನೋಡಿದಾಗ ಇವನೇನಾ ಅನ್ನಿಸಿತು. ಉದ್ದನೆಯ ಆಳು, ಎಲುಬು ಕಾಣುವ ಮುಖ, ಬಣ್ಣದ ಕಲೆ ಹತ್ತಿದ ಬೆರಳು. ಯಾರೋ ಸೊಂಟಕ್ಕೊಂದು ಹಳೆಯ ನೂಲಿನ ಸೀರೆ ಕೊಟ್ಟರು. ಅವನು ಸುತ್ತಿಕೊಂಡ. ನೆರಿಗೆ ಹಿಡಿದ ಬೆರಳು ನಾಲ್ಕು ಸಲ ಆಡಿತಷ್ಟೆ. ಸೆರಗು ಹೆಗಲಿಗೆ ಹಾಕಿ ತಲೆಯೆತ್ತಿದ. ಅಯ್ಯೋ ದೇವರೇ! ಎದುರಿಗೆ ನಿಂತಿದ್ದವನು ಎಲ್ಲಿ ಹೋದ? ಬಣ್ಣವಿಲ್ಲ, ಒಡವೆಯಿಲ್ಲ, ಹಾಡಿನ್ನೂ ಶುರುವಾಗಿಲ್ಲ, ನಾನು ಕೂತಲ್ಲೇ ನೆಟ್ಟಗೆ ಕೂತೆ. ಹೆಣ್ಣುವೇಷದವರನ್ನು ನಾನು ಬೇಕಾದಷ್ಟು ನೋಡಿದ್ದೆ. ಸೊಂಟ ತಿರುಗಿಸಿ, ಕಣ್ಣು ಹೊಡೆದು, ಜನರ ಕೈಯಲ್ಲಿ ಸಿಳ್ಳೆ ಹಾಕಿಸುವವರೇ ಎಲ್ಲ. ಇವನಲ್ಲಿ ಅದೊಂದೂ ಇರಲಿಲ್ಲ. ಇವನು ಹೆಂಗಸಿನ ಹಾಗೆ ನಟಿಸುತ್ತಲೇ ಇರಲಿಲ್ಲ. ಸುಮ್ಮನೆ ನಿಂತಿದ್ದ. ಅಷ್ಟಕ್ಕೇ ನನ್ನ ಮೈ ಜುಂ ಅಂದಿತು.

ಅಂತಃಪುರದ ಭಾಗವೆಲ್ಲ ಅವನಿಗೆ ನೀರು ಕುಡಿದಷ್ಟು ಸುಲಭವಾಯಿತು. ಕಷ್ಟ ಶುರುವಾದದ್ದು ಕೊನೆಯ ಭಾಗಕ್ಕೆ.

ನಾನು ಹೂಡಿದ ಉಪಾಯ ಇದು. ಸೀರೆಯ ಒಳಗೇ ಗಂಡುವೇಷದ ಚಲ್ಲಣ, ಅಂಗಿ ತೊಟ್ಟಿರಬೇಕು. ಸೀರೆಗೆ ಸೊಂಟದಲ್ಲಿ ಒಂದೇ ಗಂಟು. ಮದ್ದಳೆಯ ಮುಕ್ತಾಯದ ಪೆಟ್ಟಿಗೆ ಗಂಟು ಎಳೆದು, ಒಂದು ಸುತ್ತು ತಿರುಗಿ, ಸೀರೆಯನ್ನು ಅಟ್ಟದ ಮುಂದಕ್ಕೆ ಎಸೆಯಬೇಕು. ಹಿಂದಿನಿಂದ ಇಬ್ಬರು ಬಂದು ಭುಜಕೀರ್ತಿ, ಕಿರೀಟ ಕಟ್ಟಬೇಕು. ಆಮೇಲೆ ರಾಜನ ಕುಣಿತ. ಎದೆ ಉಬ್ಬಿಸಿ, ಮಂಡಿ ಎತ್ತಿ, ಹಿಮ್ಮಡಿಯಿಂದ ಹಲಗೆ ಒದ್ದು ಬರುವ ಕುಣಿತ.

ಮೊದಲನೇ ಸಲ ಗಂಟು ಎಳೆದ. ಸೀರೆ ಸಡಿಲಾಯಿತು. ಎಸೆಯಲಿಲ್ಲ. ಕೈ ತಾನಾಗಿ ಅಂಚು ಹುಡುಕಿತು, ಅಂಚಿಗೆ ಅಂಚು ಸೇರಿಸಿತು, ಕೊಡವಿತು, ಮಡಚಿತು, ಮತ್ತೆ ಮಡಚಿತು. ಮದ್ದಳೆಯವನು ಬಾರಿಸುತ್ತಲೇ ಇದ್ದಾನೆ, ವೈರಿಯ ದಿಬ್ಬಣ ಬಾಗಿಲಲ್ಲಿ ನಿಂತಿದೆ, ರಾಜಕುಮಾರ ಸೀರೆಯ ಮಡಿಕೆಯನ್ನು ಎದೆಗೆ ಹಿಡಿದು ಎಲ್ಲಿಡಲಿ ಎಂದು ಸುತ್ತ ನೋಡುತ್ತಿದ್ದಾನೆ!

"ಲೇ!" ಎಂದು ಸಾರಥಿ ಅಬ್ಬರಿಸಿದರು. "ರಾಜ್ಯ ಉಳಿಸೋಕೆ ಹೊಂಟಿದೀಯೋ, ಸೀರೆ ಅಂಗಡಿ ಇಟ್ಟಿದೀಯೋ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಗಿಣಿ ಮುಖ ಕೆಂಪು ಮಾಡಿಕೊಂಡು, "ಕೈ ಅದೇ ಮಾಡ್ತೈತೆ ಮೇಷ್ಟ್ರೇ. ನಾ ಬ್ಯಾಡ ಅಂದ್ರೂ ಕೇಳಲ್ಲ" ಅಂದ.

ಮಾರನೆಯ ದಿನವೂ ಅದೇ. ಎಸೆ ಎಂದು ಕಿರುಚಿದರೆ, ಎಸೆದ ಹಾಗೆ ಮಾಡಿ ತುದಿ ಹಿಡಿದುಕೊಳ್ಳುತ್ತಿದ್ದ. ಮಡಚಬಾರದೆಂದು ಅವನ ಎರಡು ಕೈಗೂ ಕತ್ತಿ, ಗುರಾಣಿ ಮೊದಲೇ ಕೊಟ್ಟೆ. ಹಲ್ಲಿನಲ್ಲಿ ಸೆರಗು ಕಚ್ಚಿ ಹಿಡಿದ! ಒಂದು ದಿನ ಗಂಟು ಎಳೆದ ಕೂಡಲೇ ನಾನೇ ಹಿಂದಿನಿಂದ ಸೀರೆ ಕಿತ್ತು ನೆಲಕ್ಕೆ ಒಗೆದೆ. ಅವನು ಕುಣಿತ ಬಿಟ್ಟು ಓಡಿಬಂದು ಅದನ್ನು ಎತ್ತಿಕೊಂಡ. ಅಷ್ಟೇ ಅಲ್ಲ, ಕಣ್ಣಿಗೆ ಒತ್ತಿಕೊಂಡ. ಸುತ್ತ ಕೂತಿದ್ದ ನೇಕಾರರು ಯಾರೂ ಆಗ ನಗಲಿಲ್ಲ. ಅದನ್ನು ನಾನು ಗಮನಿಸಿದೆ, ಆದರೆ ಕೋಪದ ಭರದಲ್ಲಿ ಅರ್ಥ ಮಾಡಿಕೊಳ್ಳಲಿಲ್ಲ.

ಕುಣಿತದ ಪಾಡೂ ಅಷ್ಟೇ. ರಾಜನ ಹೆಜ್ಜೆ ಅವನ ಕಾಲಿಗೆ ಹತ್ತಲೇ ಇಲ್ಲ. ಎದೆ ಉಬ್ಬಿಸು ಅಂದರೆ ಉಸಿರು ಕಟ್ಟಿದವನಂತೆ ನಿಲ್ಲುವನು. ಮೀಸೆ ತಿರುವು ಅಂದರೆ ಕೆನ್ನೆ ಮುಟ್ಟಿಕೊಳ್ಳುವನು. ಅಂತಃಪುರದಲ್ಲಿ ಬರೀ ನಿಂತು ನನ್ನ ಮೈ ಜುಂ ಅನ್ನಿಸಿದವನು, ಇಲ್ಲಿ ಕಿರೀಟ ಹೊತ್ತ ಬೆದರುಬೊಂಬೆ. ಎಲ್ಲ ಹೆಣ್ಣುವೇಷದವರಿಗೂ ಕಡೆಗೊಂದು ದಿನ ಹೀಗಾಗುತ್ತದೆ ಎಂದು ಮದ್ದಳೆಯವನು ಪಿಸುಗುಟ್ಟಿದ. ಸಾರಥಿ ಮಾತ್ರ ಪಿಸುಗುಟ್ಟುವ ಜಾತಿಯಲ್ಲ. ಎಲ್ಲರೆದುರಿಗೇ ಅಂದುಬಿಟ್ಟರು. "ಸೀರೇನೂ ಬಿಡ್ಲಿಲ್ಲ, ಗಂಡಸೂ ಆಗ್ಲಿಲ್ಲ. ಇವ್ನ ಕೈಗೆ ನನ್ನ ಕೂಸನ್ನ ಹೆಂಗ್ರಿ ಕೊಡ್ಲಿ ಮೇಷ್ಟ್ರೇ? ಮೂರು ಸಂಜೆ ಟೈಮ್ ಕೊಡ್ತೀನಿ. ಆಮ್ಯಾಲೆ ಆಟಾನೂ ಬ್ಯಾಡ, ಮದುವೇನೂ ಬ್ಯಾಡ."

ಗಿಣಿ ಎದ್ದುಹೋದ. ನಾನು ಹಿಂದೆಯೇ ಹೋದೆ. ಊರ ಪಕ್ಕದ ಬೆಟ್ಟದ ಬುಡದಲ್ಲಿ ಒಂದು ಬಂಡೆಯ ಮೇಲೆ ಕೂತಿದ್ದ. ನಾನೂ ಕೂತೆ. ಬೈಯಲೆಂದೇ ಹೋಗಿದ್ದೆ, ಅವನ ಮುಖ ನೋಡಿ ಬೈಯಲಿಲ್ಲ.

"ನಿಂಗೆ ಆ ಹುಡುಗಿ ಬೇಕೋ ಬ್ಯಾಡವೋ? ಅದನ್ನ ಮೊದ್ಲು ಹೇಳು" ಅಂದೆ.

"ಬೇಕು ಮೇಷ್ಟ್ರೇ. ಚಿಕ್ಕಂದಿನಿಂದ ನನ್ನ ನೋಡಿದಾಳೆ. ಮೊದಲ್ನೇ ಸಲ ನಂಗೆ ನೆರಿಗೆ ಹಿಡಿಯೋದು ಹೇಳಿಕೊಟ್ಟಿದ್ದೇ ಅವ್ಳು. ಅವ್ಳ ಮುಂದೆ ನಂಗೆ ನಾಚಿಕೆ ಇಲ್ಲ. ಅವ್ಳನ್ನ ಬಿಟ್ರೆ ಬ್ಯಾರೆ ಯಾರೂ ಬ್ಯಾಡ."

"ಮತ್ತೆ ಸೀರೆ ಬಿಡೋಕೇನು ದಾಡಿ?"

ಒಂದು ಹುಲ್ಲುಕಡ್ಡಿ ಕಿತ್ತು ಮುರಿದ. ಆಮೇಲೆ ಅಂದ: "ರಾಂಪುರದೋರು ಹೂವು ಕಳಿಸ್ತಾರಲ್ಲ, ಅವ್ರು ನನ್ನ ಹೆಂಗಸು ಅಂತ ತಿಳ್ಕೊಂಡವ್ರೆ. ಮಾವ ನಾನು ಗಂಡಸೇ ಅಲ್ಲ ಅಂತ ತಿಳ್ಕೊಂಡವ್ರೆ. ಸೀರೆ ಉಟ್ಟಾಗ ನಾನು ಹೆಂಗಸಾಗಲ್ಲ ಮೇಷ್ಟ್ರೇ. ಉಟ್ಟಾಗ ಈ ಮೈ ನಂದೇ ಅನ್ಸುತ್ತೆ, ಅಷ್ಟೇ. ಅದನ್ನ ಬಿಚ್ಚಿ ಬಿಸಾಕಿ ರಾಜನ ಹಂಗೆ ಎದೆ ಉಬ್ಬಿಸಿದ್ರೆ ಅಲ್ಲಿ ನಿಂತಿರೋನು ಯಾರು ಅಂತ ನಂಗೇ ಗೊತ್ತಾಗಲ್ಲ. ಮಾವ ಬಂದು ನೀನು ಯಾರು ಅಂತ ಕೇಳಿದ್ರೆ ಏನಂತ ಹೇಳ್ಲಿ?"

ಇಷ್ಟು ವರ್ಷ ಊರೂರು ತಿರುಗಿ ಎಷ್ಟೋ ಜನರ ಬಾಯಲ್ಲಿ, ನಾನು ಇಂಥವನು, ಇಂಥವನ ಮಗ, ಇಂಥ ಶೂರ ಎಂದು ಹೇಳಿಸಿದ್ದೆ. ಒಬ್ಬನೂ ಈ ಪ್ರಶ್ನೆ ನನ್ನ ಮುಂದೆ ಇಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವನ ಮನೆಗೆ ಹೋದೆ. ಈ ಪಾತ್ರ ನಿಮ್ಮ ಮಗನಿಂದ ಆಗುವುದಿಲ್ಲ, ಬೇರೆಯವರಿಗೆ ಕೊಡುತ್ತೇನೆ ಎಂದು ಅವನ ತಾಯಿಗೆ ಹೇಳಿ, ಮಧ್ಯಾಹ್ನದ ಗಾಡಿಗೆ ಚಳ್ಳಕೆರೆಗೆ ಹೊರಟುಬಿಡೋಣ ಎಂದೂ ಒಂದು ಮನಸ್ಸಿತ್ತು. ಬಾಗಿಲಲ್ಲಿ ನಿಂತವನು ಅಲ್ಲೇ ನಿಂತೆ.

ಗಿಣಿ ಮಗ್ಗದಲ್ಲಿ ಕೂತಿದ್ದ. ಅಲ್ಲಿನದು ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಅಡಿಯ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಎದುರು ಮಗ್ಗುಲಲ್ಲಿ ಅವನ ತಾಯಿ ಕೂತು ಆ ಬದಿಯ ಅಂಚಿನ ಲಾಳಿ ಕೊಡುತ್ತಿದ್ದರು. ಒಂದು ಕಾಲು ತುಳಿಯಿತು, ಎಳೆಗಳು ಬಾಯಿ ತೆರೆದವು, ಲಾಳಿ ಹಾರಿತು, ಎಳೆಯನ್ನು ಒತ್ತಿ ಕೂರಿಸುವ ಹಣಿಗೆ ಬಂದು ಧಬ್ ಎಂದು ಬಡಿಯಿತು. ಇನ್ನೊಂದು ಕಾಲು ತುಳಿಯಿತು. ಸೊಂಟದ ಮೇಲಿನ ಮೈ ಅಲುಗುತ್ತಿಲ್ಲ. ಎದೆ ಉಬ್ಬಿಲ್ಲ, ತಗ್ಗಿಲ್ಲ. ಕೆಳಗೆ ಕಾಲು ಮಾತ್ರ ನೆಲವೇ ತನ್ನದೆಂಬಂತೆ ತುಳಿಯುತ್ತಿದೆ. ಇಡೀ ಮನೆ ಆ ಪೆಟ್ಟಿಗೆ ಸಣ್ಣಗೆ ಅದುರುತ್ತಿತ್ತು. ಅವನ ಮುಖದಲ್ಲಿ ಅಂತಃಪುರದಲ್ಲಿ ಕಂಡ ಅದೇ ಶಾಂತಿ. ಕಾಲಲ್ಲಿ ನಾನು ಎಷ್ಟು ಬೈದರೂ ಬಾರದಿದ್ದ ಬಲ. ಎರಡೂ ಒಂದೇ ಮೈಯಲ್ಲಿ, ಒಂದೇ ಹೊತ್ತಿನಲ್ಲಿ! ಇವನಿಗೆ ನಾನು ಯಾವ ಗಂಡಸ್ತನ ಕಲಿಸಲು ಹೊರಟಿದ್ದೆ?

"ರಾಂಡಿ ಸ್ವಾಮಿ, ಕೂಚೋಂಡಿ" ಎಂದು ತಾಯಿ ತಮ್ಮ ಮನೆಮಾತು ತೆಲುಗಿನಲ್ಲಿ ಕರೆದು ಚಾಪೆ ಹಾಕಿದರು. ಗಿಣಿ ಎದ್ದು ನೀರು ತರಲು ಹೋದ. ನಾನು ಅವರಿಗೆ ಸೀರೆಯ ಗೋಳು ಹೇಳಿದೆ. ಅವರು ಒಳಗೆ ಹೋಗಿ, ಪೆಟ್ಟಿಗೆಯಿಂದ ಒಂದು ರೇಷ್ಮೆ ಸೀರೆ ತಂದು ನನ್ನ ಮುಂದೆ ಇಟ್ಟರು. ಬಾಳೆಸುಳಿಯ ಬಣ್ಣದ ಒಡಲು, ಕುಂಕುಮದ ಅಂಚು.

"ಇದಿ ವಾಳ್ಳ ನಾಯನ ನೇಸಿಂದಿ. ಇದು ಅವ್ರಪ್ಪ ನೇಯ್ದಿದ್ದು ಮೇಷ್ಟ್ರೇ. ನನ್ನ ಮದುವೇಗೆ. ಅವ್ರು ಹೋದ ಮ್ಯಾಲೆ ನಾನು ಉಡಂಗಿಲ್ಲ. ಆಟದ ದಿನ ಇದನ್ನೇ ಅವ್ನಿಗೆ ಕೊಡೋದು. ಪ್ರತಿ ಸಲಾನೂ ಇದನ್ನೇ."

"ಪ್ರತಿ ಸಲಾನೂ?"

"ಹೂಂ. ನಮ್ಮ ಕೇರಿ ಪದ್ಧತಿ ಐತಲ್ಲ. ಹೆಣ್ಣುವೇಷಕ್ಕೆ ಸೀರೆ ಕೊಂಡ್ಕಂಡು ಬರಂಗಿಲ್ಲ. ಮನೆ ಹೆಂಗಸಿನ ಕಾಲು ಮುಟ್ಟಿ ಕೇಳಿ ತಗಂಡು ಹೋಗ್ಬೇಕು. ಆಟ ಮುಗಿದ ಮ್ಯಾಲೆ ಮಣ್ಣು ಸೋಕಿಸ್ದಂಗೆ ಮಡಚಿ ತಂದು ಕೊಡ್ಬೇಕು. ನೇಯೋ ಜನ ನಾವು. ಬಟ್ಟೆ ನೆಲಕ್ಕೆ ಬೀಳಬಾರ್ದು." ಅವರು ಸೀರೆಯನ್ನು ಸವರಿದರು. "ನನ್ನ ತಮ್ಮಗೆ ಇದು ಗೊತ್ತಿಲ್ವಾ? ಗೊತ್ತೈತೆ. ಮಗಳ ಚಿಂತೇಲಿ ಮರೆತವ್ನೆ. ನೀವು ಹೊರಗಿನೋರು, ನಿಮಗೆ ಹೇಳೋರು ಯಾರು?"

ನನಗೆ ಹೇಳುವವರು ಯಾರು ಎಂದರೆ, ಗಿಣಿಯ ಎರಡು ಕೈಗಳು ದಿನಾ ಸಂಜೆ ಹೇಳುತ್ತಲೇ ಇದ್ದವು. ನಮ್ಮ ಕಡೆ ವೇಷದ ಸೀರೆ ಅಂದರೆ ಬಾಡಿಗೆಗೆ ತಂದ ಚಿಂದಿ. ಎಸೆದರೆ ಯಾರಿಗೇನು? ಇಲ್ಲಿ ನಾನು ಆ ಮಗನಿಗೆ, ನಿಮ್ಮಪ್ಪ ನೇಯ್ದ, ನಿಮ್ಮವ್ವ ಉಡಲಾಗದ ಸೀರೆಯನ್ನು ಊರ ಕಾಲಡಿಗೆ ಎಸೆದು ಗಂಡಸಾಗು ಎಂದು ಹೇಳಿಕೊಡುತ್ತಿದ್ದೆ.

ಗಿಣಿ ನೀರು ತಂದ. ಕುಡಿದು ಚೆಂಬು ಕೆಳಗಿಟ್ಟು, "ಸೀರೆ ಬಿಚ್ಚಬ್ಯಾಡ" ಅಂದೆ.

ಅವನು ನನ್ನನ್ನೇ ನೋಡಿದ.

"ಬಿಚ್ಚಬ್ಯಾಡ. ಕಚ್ಚೆ ಹಾಕು. ಹೊಲದಾಗೆ ಕಳೆ ಕೀಳೋ ಹೆಂಗಸ್ರು ಹಾಕಲ್ವಾ? ಗಂಡಸ್ರು ಪಂಚೆಗೆ ಹಾಕಲ್ವಾ? ನೆರಿಗೆ ಹಿಡಿದು ಹಿಂದಕ್ಕೆ ಸಿಗಿಸು, ಸೆರಗು ಸೊಂಟಕ್ಕೆ ಬಿಗಿ, ಕತ್ತಿ ತಗೋ. ರಾಜನ ಹೆಜ್ಜೆ ಮರೆತುಬಿಡು. ಈಗ ಮಗ್ಗದಾಗೆ ತುಳೀತಿದ್ಯಲ್ಲ, ಅದೇ ಹೆಜ್ಜೇಲಿ ಬಾ."

"ಮಾವ?"

ಅದೇ ತೊಡಕು. ಸಾರಥಿಗೆ ಮೊದಲೇ ಹೇಳಿದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಹೇಳದಿದ್ದರೆ ಅಟ್ಟದ ಮೇಲೆ, ಊರೆಲ್ಲರ ಎದುರು ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಕೋಪ ಬಂದು ಕೆಳಗಿಳಿದು ಹೋದರೆ ಕಥೆ ಅರ್ಧಕ್ಕೆ ನಿಲ್ಲುತ್ತದೆ, ಮದುವೆ ಮುರಿಯುತ್ತದೆ, ಈ ಹುಡುಗ ಇನ್ನು ಮುಂದೆ ಕೇರಿಯಲ್ಲಿ ತಲೆಯೆತ್ತುವಂತಿಲ್ಲ. ನಾನು ತಾಯಿಯ ಮುಖ ನೋಡಿದೆ.

"ನನ್ನ ತಮ್ಮ ಕೆಟ್ಟೋನಲ್ಲ ಮೇಷ್ಟ್ರೇ" ಅಂದರು ಅವರು. "ಹೆದರವ್ನೆ, ಅಷ್ಟೇ." ಆಮೇಲೆ ಮಗನತ್ತ ತಿರುಗಿ, "ಉಟ್ಕೊಂಡೇ ಹೋಗು ಮಗಾ" ಅಂದರು.

ಅಲ್ಲಿಗೆ ತೀರ್ಮಾನವಾಯಿತು. ಉಳಿದ ಸಂಜೆಗಳಲ್ಲಿ ಸಾರಥಿಯ ಎದುರಿಗೆ ಕೊನೆಯ ಭಾಗ ತಾಲೀಮು ಮಾಡಲೇ ಇಲ್ಲ. "ಕಲಿತಾಯ್ತು, ಆ ದಿನ ನೋಡ್ರಿ" ಎಂದು ಜಾರಿಕೊಂಡೆ. ನನ್ನ ಮಾತಿನಲ್ಲಿ ಅವರಿಗೆ ಅಷ್ಟು ನಂಬಿಕೆಯಿತ್ತು. ಅದೇ ನನ್ನನ್ನು ಚುಚ್ಚುತ್ತಿತ್ತು. ಮದ್ದಳೆಯವನನ್ನು ಮಾತ್ರ ಗಿಣಿಯ ಮನೆಗೆ ಕರೆದುಕೊಂಡು ಹೋಗಿ ಮಗ್ಗದ ಪಕ್ಕ ಕೂರಿಸಿದೆ. ಮೊದಲು ಗೊಣಗಿದ. ಲಾಳಿಗೊಂದು ಸಣ್ಣ ಪೆಟ್ಟು, ಹಣಿಗೆಗೊಂದು ತುಂಬು ಪೆಟ್ಟು ಎಂದು ಬೆರಳಾಡಿಸುತ್ತ ಆಡಿಸುತ್ತ ಅವನ ಕಣ್ಣು ಅರಳಿತು. "ಇದು ಯಾವ ತಾಳಾನೂ ಅಲ್ಲ ಮೇಷ್ಟ್ರೇ, ಆದ್ರೆ ಎದೆಗೆ ಬಡೀತೈತೆ" ಅಂದ.

ಆಟದ ದಿನ ಸುತ್ತಲಿನ ಹಳ್ಳಿಗಳಿಂದ ಗಾಡಿಗಳು ಬಂದವು. ದೀವಟಿಗೆಯ ಬೆಳಕಿನಲ್ಲಿ ಕಥೆ ನಡೆದ ಬಗೆಯನ್ನೆಲ್ಲ ಹೇಳುತ್ತ ಕೂರುವುದಿಲ್ಲ. ಗಿಣಿ ಮೊದಲ ಸಲ ಬಂದಾಗ ಸಾರಥಿ, "ಅಮ್ಮಾ ತಾಯೇ, ತಾವು ಧಾರು?" ಎಂದು ಪದ್ಧತಿಯಂತೆ ಕೇಳಿದರು. ಅವನು ರಾಜಕುಮಾರಿಯ ಹೆಸರು ಹೇಳಿದ. ಜನ ಮಂತ್ರ ಹಾಕಿದವರಂತೆ ಕೂತರು. ನಾನು ಹಿಮ್ಮೇಳದಲ್ಲಿ ಹಾಡುತ್ತಲೇ ಹೆಂಗಸರ ಕಡೆ ನೋಡಿದೆ. ಮುಂದಿನ ಸಾಲಿನಲ್ಲಿ ಸಾರಥಿಯ ಮಗಳು ತನ್ನ ಅತ್ತೆಯಾದ ಗಿಣಿಯ ತಾಯಿಯ ಪಕ್ಕ ಕೂತಿದ್ದಳು.

ಮೂಡಲು ಬೆಳ್ಳಗಾಗುವ ಹೊತ್ತಿಗೆ ವೈರಿಯ ದಿಬ್ಬಣ ಬಂತು. ದೀವಟಿಗೆಗಳು ಮಂಕಾದವು. ರಾಣಿಯ ಪಾತ್ರದವನು ಸತ್ಯ ಹೇಳಿ, ಅತ್ತು, ಕತ್ತಿಯನ್ನು ನೆಲದ ಮೇಲಿಟ್ಟು ಒಳಗೆ ಹೋದ. ಅಟ್ಟದ ಮೇಲೆ ಗಿಣಿ ಒಬ್ಬನೇ. ಸಾರಥಿ ಒಂದು ಮೂಲೆಯಲ್ಲಿ ಕೋಲು ಹಿಡಿದು ಕಾಯುತ್ತಿದ್ದರು. ಈಗ ಗಂಟು ಎಳೆಯಬೇಕು, ಈಗ ಸೀರೆ ಹಾರಬೇಕು ಎಂದು ಅವರ ಮುಖವೇ ಹೇಳುತ್ತಿತ್ತು.

ಗಿಣಿ ಬಗ್ಗಿದ. ನೆರಿಗೆ ಹಿಡಿದ. ಕಾಲ ನಡುವೆ ತಂದು ಹಿಂದಕ್ಕೆ ಸಿಗಿಸಿದ. ಸೆರಗನ್ನು ಎದೆಯ ಮೇಲಿಂದ ತಂದು ಸೊಂಟಕ್ಕೆ ಬಿಗಿದ. ಅಷ್ಟನ್ನೂ ಆತುರವಿಲ್ಲದೆ, ಮನೆಯಲ್ಲಿ ಕೆಲಸಕ್ಕೆ ನಿಲ್ಲುವವನ ಹಾಗೆ ಮಾಡಿದ. ಕತ್ತಿ ಎತ್ತಿಕೊಂಡ. ಮದ್ದಳೆ ಸಣ್ಣ ಪೆಟ್ಟು ಕೊಟ್ಟಿತು, ತುಂಬು ಪೆಟ್ಟು ಕೊಟ್ಟಿತು. ಅವನು ಕಾಲು ಊರಿದ.

ಹಲಗೆ ನಡುಗಿತು. ನಾನು ಹಾಡುವುದನ್ನು ಮರೆತೆ. ರಾಜರ ಕುಣಿತ ಎಷ್ಟೋ ನೋಡಿದ್ದೇನೆ, ಅಂಥ ಹೆಜ್ಜೆ ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮೈ ಅಲುಗದು, ಮುಖ ಬಿಗಿಯದು, ಕಾಲು ಮಾತ್ರ ಬಂದು ಬಂದು ನೆಲವನ್ನು ತುಳಿಯುತ್ತಿದೆ. ಜನರಲ್ಲಿ ಅರ್ಧಕ್ಕರ್ಧ ನೇಕಾರರು. ಆ ಪೆಟ್ಟು ಏನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಬ್ಬ ಮುದುಕ ಕೂತಲ್ಲೇ ಕಾಲಾಡಿಸತೊಡಗಿದ. ಪಕ್ಕದವನೂ ಶುರು ಮಾಡಿದ. ನೋಡನೋಡುತ್ತ ಇಡೀ ಕೇರಿಯ ಕಾಲು ನೆಲ ತುಳಿಯುತ್ತಿತ್ತು, ಬಯಲು ಬಯಲೇ ಧಬ್ ಧಬ್ ಅನ್ನುತ್ತಿತ್ತು. ನನ್ನ ರೋಮ ರೋಮವೂ ನಿಂತಿತ್ತು. ಇದನ್ನು ನಾನು ಕಲಿಸಿದ್ದಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಗಿಣಿ ಸಾರಥಿಯ ಮುಂದೆ ಬಂದು ನಿಂತ. ಮದ್ದಳೆ ನಿಂತಿತು. ಎಲ್ಲರ ಕಾಲೂ ನಿಂತವು.

ಸಾರಥಿ ಕೇಳಬೇಕು. ಕೇಳಲಿಲ್ಲ. ಅವರ ಕಣ್ಣು ಸೀರೆಯ ಕುಂಕುಮದ ಅಂಚಿನ ಮೇಲೆ ನಿಂತಿತ್ತು. ತಮ್ಮ ಅಕ್ಕನ ಧಾರೆಯ ಸೀರೆ ಅವರಿಗೆ ಗೊತ್ತಾಗದಿರುತ್ತದೆಯೇ? ಮುಖದಲ್ಲಿ ಮೊದಲು ಕೋಪ ಕಂಡಿತು, ಆಮೇಲೆ ಏನೆಂದು ಹೇಳಲಾಗದ ಇನ್ನೊಂದು ಬಂತು. ಇಳಿದು ಹೋಗುತ್ತಾರೆ ಅಂದುಕೊಂಡೆ. ಮನಸ್ಸಿನಲ್ಲೇ ಮಾರಮ್ಮನಿಗೆ ಹರಕೆ ಹೊತ್ತೆ.

"ಭಳಿರೇ" ಅಂದರು. ದನಿ ಒಡೆದಿತ್ತು. ರಾಜಾ ಎಂದೂ ಅನ್ನಲಿಲ್ಲ, ತಾಯೇ ಎಂದೂ ಅನ್ನಲಿಲ್ಲ. "ತಾವು ಧಾರು?"

ನಾನು ಬರೆದುಕೊಟ್ಟ ಉತ್ತರ ಇಂಥ ರಾಜನ ಮಗ, ಇಂಥ ವಂಶದ ಕುಡಿ ಎಂದಿತ್ತು. ಗಿಣಿ ಅದನ್ನು ಹೇಳಲಿಲ್ಲ. ಹೆಣ್ಣುದನಿಯೂ ಅಲ್ಲ, ರಾಜನ ಗುಡುಗೂ ಅಲ್ಲ, ಬಂಡೆಯ ಮೇಲೆ ನನ್ನೊಡನೆ ಮಾತಾಡಿದ ದನಿಯಲ್ಲಿ ಹೇಳಿದ.

"ಕೇಳು ಸಾರಥಿ. ಈ ಸೀರೆ ನಮ್ಮಪ್ಪ ನೇಯ್ದಿದ್ದು, ನಮ್ಮವ್ವ ಉಟ್ಟಿದ್ದು. ಇದರ ಮರೆಯಾಗೇ ನನ್ನ ಜೀವ ಉಳೀತು. ಜೀವ ಉಳಿಸಿದ್ದನ್ನ ಮಣ್ಣಿಗೆ ಹಾಕಿದ್ರೇನೇ ಗಂಡಸು ಅನ್ನೋದಾದ್ರೆ ಆ ಹೆಸ್ರು ನಂಗೆ ಬ್ಯಾಡ. ಇದನ್ನ ಉಟ್ಕೊಂಡೇ ಕತ್ತಿ ಹಿಡಿದೀನಿ. ಈಗ ನೀನೇ ಹೇಳು ಸಾರಥಿ. ನಾನು ಯಾರು?"

ರಾಜ ಯಾವಾಗ ಬಟ್ಟೆ ನೇಯ್ದ ಎಂದು ಒಬ್ಬನೂ ಕೇಳಲಿಲ್ಲ. ಸಾರಥಿಗೆ ತಿರುಗಿ ಪ್ರಶ್ನೆ ಹಾಕಿದ ಪಾತ್ರ ಆ ಅಟ್ಟದ ಮೇಲೆ ಯಾವತ್ತೂ ಬಂದಿರಲಿಲ್ಲ. ಬೆಟ್ಟದ ಬಂಡೆಗಳ ನೆತ್ತಿಗೆ ಬಿಸಿಲು ತಾಗಿತು. ಸಾರಥಿ ಕೋಲನ್ನು ಕಂಕುಳಿಗೆ ಇರುಕಿ, ಎರಡೂ ಕೈಯಲ್ಲಿ ಅಳಿಯನ ಮುಖ ಹಿಡಿದುಕೊಂಡರು. ಬಣ್ಣವೆಲ್ಲ ಅವರ ಕೈಗೆ ಹತ್ತಿತು.

"ನಮ್ಮೋನು" ಅಂದರು. ಆಟದ ದನಿಯಲ್ಲಲ್ಲ, ಕೇರಿಯ ದನಿಯಲ್ಲಿ. "ನೀನು ನಮ್ಮೋನು ಕಣಪ್ಪಾ."

ಹೆಂಗಸರ ಕಡೆಯಿಂದ ಯಾರೋ ಬಿಕ್ಕಿದರು. ಆಮೇಲೆ ಬಯಲೆಲ್ಲ ಎದ್ದು ಕೂಗಿತು. ವೈರಿಯನ್ನು ಕೊಲ್ಲುವ ಭಾಗ ಇನ್ನೂ ಬಾಕಿ ಇತ್ತು. ಹೇಗೋ ಕೊಂದು ಮುಗಿಸಿದೆವು, ಅದನ್ನು ಯಾರೂ ನೋಡಲಿಲ್ಲ.

ಬಿಸಿಲು ಏರಿದ ಮೇಲೆ ಎಲ್ಲರೂ ಮರದಡಿ ಕೂತು ಗಾಣದ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದೆವು. ಗಿಣಿ ಸೀರೆಯನ್ನು ಮಣ್ಣು ಸೋಕದಂತೆ ಮಡಚಿ ತಾಯಿಯ ಕೈಗಿಟ್ಟು ಕಾಲು ಮುಟ್ಟಿದ. ಸಾರಥಿಯ ಮಗಳು ಮಜ್ಜಿಗೆ ತಂದು ನನ್ನ ಮುಂದೆ ಇಟ್ಟಳು.

"ಏನಮ್ಮಾ, ಬಾವಿ ಕಟ್ಟೆ ಮ್ಯಾಲೆ ಕೇಳೋರಿಗೆ ಇನ್ನೇನು ಹೇಳ್ತೀಯಾ?" ಎಂದು ಕೆಣಕಿದೆ.

"ನನ್ನ ಗಂಡ ನನಗಿಂತ ಚೆನ್ನಾಗಿ ನೆರಿಗೆ ಹಿಡೀತಾನೆ ಅಂತೀನ್ರಿ" ಅಂದಳು, ನಾಚದೆ. ಆಮೇಲೆ ಅಪ್ಪನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ನಮ್ಮಪ್ಪ ಇಷ್ಟು ವರ್ಷ ಬಂದೋರ್ನೆಲ್ಲ ಬರೀ ಕೇಳ್ತಿದ್ರು. ಇವತ್ತು ಅವ್ರೇ ಉತ್ತರ ಹೇಳೋ ಹಂಗಾತು ನೋಡ್ರಿ."

ಸಾರಥಿ ಅಷ್ಟು ದೂರದಲ್ಲಿ ಅಂಗೈಗೆ ಹತ್ತಿದ್ದ ಅಳಿಯನ ಮುಖದ ಬಣ್ಣವನ್ನು ಉಜ್ಜಿಕೊಳ್ಳುತ್ತಿದ್ದರು. ಅದು ಹೋಗುವ ಹಾಗೆ ಕಾಣಲಿಲ್ಲ. ಉಜ್ಜುವುದನ್ನು ಬಿಟ್ಟು, ಯಾರ ಮುಖವನ್ನೂ ನೋಡದೆ ಕೇಳಿದರು.

"ಲೇ ಗಿಣಿ, ಬರೋ ವರ್ಷ ಯಾವ ಪಾತ್ರನೋ?"

ಗಿಣಿ ಕೆನ್ನೆಯ ಎಣ್ಣೆ ಒರೆಸಿಕೊಂಡ.

"ಅಟ್ಟದ ಮ್ಯಾಲೆ ಕೇಳ್ರಿ ಮಾವ. ಅಲ್ಲೇ ಹೇಳ್ತೀನಿ."